ಪಾರ್ಕಿಗೆ ಮರಗಸಿ

“ನಾವಿಬ್ರೂ ಮೊದಲು ಸಿಕ್ಕಿದ್ದು ಮಾರ್ಚ್ ಹನ್ನೆರಡಕ್ಕೆ, ಬುಧವಾರ, ಹನ್ನೊಂದೂಕಾಲಿಗೆ. ನಾನು ಬಣ್ಣ ಹೊಡೆಸೋಕೆ ಇದೇ ಬೆಂಚಿನ ಅಳತೆ ತಗೋತಿದ್ದೆ. ನೀವು ಕೊಡೆ ಊರ್ಕೊಂಡು ಬಂದು ಪಕ್ಕದಲ್ಲಿ ನಿಂತ್ರಿ. ಬಿಳಿ ಅಂಗಿ ಹಾಕಿದ್ರಿ, ಮೇಲಿನ ಗುಂಡಿ ಇರ್ಲಿಲ್ಲ. ಅವತ್ತು ಮರ ಕಡೀರಿ ಅಂತ ನಾನು ಯಾವಾಗ ಹೇಳ್ದೆ?”

ಗುಂಡಿಯ ಸಮೇತ ನೆನಪಿಟ್ಟುಕೊಂಡು ಹೀಗೆ ಕೇಳಿದವನು ಶಶಿಕಿರಣ್, ಮೂಡಿಗೆರೆ ಪಟ್ಟಣ ಪಂಚಾಯಿತಿಯ ಕಿರಿಯ ಇಂಜಿನಿಯರ್. ಕಡೂರು ಕಡೆಯ ಬಯಲುಸೀಮೆಯ ಹಳ್ಳಿಯವನು. ಎಂಟು ದೊಡ್ಡ ಮರಗಳ ಕೆಳಗೆ ಎಂಟು ಬೆಂಚು ಹಾಕಿಸಿ, ಹೋದ ವರ್ಷ ಈ ಪಾರ್ಕು ಮಾಡಿದವನು ಅವನೇ. ಎದುರಿಗೆ ನಿಂತಿದ್ದವರು ತಿಮ್ಮಪ್ಪ. ಮೂವತ್ತನಾಲ್ಕು ವರ್ಷ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಮೊನ್ನೆಯವರೆಗೆ ಆಕಾಶವನ್ನೇ ಮುಚ್ಚಿದ್ದ ಅತ್ತಿಮರ, ಈಗ ಕ್ಷೌರ ಮಾಡಿಸಿಕೊಂಡು ಬಂದ ಗಂಡಸಿನಂತೆ ಇಬ್ಬರ ನಡುವೆ ತುಸು ನಾಚಿಕೊಂಡು ನಿಂತಿತ್ತು.

ತಿಮ್ಮಪ್ಪ: ಕಡೀರಿ ಅಂತ ನೀವು ಹೇಳ್ಲಿಲ್ಲ. ನಾನು ಕಡಿದೂ ಇಲ್ಲ. ಇದು ಮರಗಸಿ.

ಶಶಿಕಿರಣ್: ಕೊಂಬೆಯೆಲ್ಲ ನೆಲದ ಮೇಲಿದೆ.

ತಿಮ್ಮಪ್ಪ: ಮತ್ತೆ ಮರಗಸಿ ಮಾಡಿದ್ರೆ ಕೊಂಬೆ ಎಲ್ಲಿರುತ್ತೆ ಮಾರಾಯ್ರೆ? ಮಳೆಗಾಲಕ್ಕೆ ಮುಂಚೆ ಕೊಂಬೆ ಸವರಿ ನೆರಳು ತೆಳು ಮಾಡ್ಬೇಕು. ಇಲ್ದಿದ್ರೆ ಗಿಡಕ್ಕೆ ಕೊಳೆರೋಗ.

ಶಶಿಕಿರಣ್: ಇಲ್ಲಿ ಕಾಫಿ ಗಿಡ ಎಲ್ಲಿದೆ? ಸಿಮೆಂಟ್ ಬೆಂಚಿದೆ.

ತಿಮ್ಮಪ್ಪ: ಬೆಂಚಿಗೂ ಬಂದಿದೆ. ಮುಟ್ಟಿ ನೋಡಿ.

ಶಶಿಕಿರಣ್ ಮುಟ್ಟಿದ. ಬೆರಳು ಹಸಿರಾಯಿತು. ಕರ್ಚೀಫಿಗೆ ಒರೆಸಿಕೊಂಡ.

ಶಶಿಕಿರಣ್: ನಮ್ಮೂರಲ್ಲಿ ಇಂಥ ಒಂದು ಮರ ಇದ್ದಿದ್ರೆ ಊರೇ ಅದರ ಕೆಳಗೆ ಕೂತಿರ್ತಿತ್ತು.

ತಿಮ್ಮಪ್ಪ: ನಿಮ್ಮೂರಲ್ಲಿ ಮಳೆ ಬಂದ್ರೆ ಜನ ಆಚೆ ಬಂದು ನೋಡ್ತಾರೆ. ನಮ್ಮೂರಲ್ಲಿ ಬಿಸಿಲು ಬಂದ್ರೆ ನೋಡ್ತಾರೆ. ಮಳೆ ನಿಂತರೂ ಮರದ ಹನಿ ನಿಲ್ಲದು ಅಂತ ಗಾದೆ ಕೇಳಿದೀರಾ?

ಶಶಿಕಿರಣ್: ಎಸ್ಸೆಸ್ಸೆಲ್ಸಿ ಪರೀಕ್ಷೇಲಿ ವಿಸ್ತರಿಸಿ ಬರೆದಿದ್ದೆ. ಮೂರಕ್ಕೆ ಮೂರು ಅಂಕ ಬಂದಿತ್ತು.

ತಿಮ್ಮಪ್ಪ: ಅಂಕ ತಗೊಂಡು ಹನಿ ಬೀಳೋ ಕಡೆಗೇ ಸರಿಯಾಗಿ ಬೆಂಚು ಹಾಕ್ಸಿದೀರಿ.

ಶಶಿಕಿರಣ್: ಅದಿರ್ಲಿ. ಅಪ್ಪಣೆ ಕೊಟ್ಟೋರು ಯಾರು?

ತಿಮ್ಮಪ್ಪ: ನೀವೇ. ‘ಈ ಮರ ನಿಮ್ಮ ಎಸ್ಟೇಟಲ್ಲಿ ಇದ್ದಿದ್ರೆ ಏನ್ ಮಾಡ್ತಿದ್ರಿ’ ಅಂತ ಅವತ್ತು ಕೇಳಿದ್ರಿ. ಮರಗಸಿ ಅಂದೆ. ಪುಸ್ತಕ ತೆಗೆದು ಬರ್ಕೊಂಡ್ರಿ.

ಶಶಿಕಿರಣ್: ಆ ಮಾತು ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಬರ್ಕೊಳ್ಳೋದು ನನ್ನ ಅಭ್ಯಾಸ.

ತಿಮ್ಮಪ್ಪ: ನಮ್ಮ ಸಾಹುಕಾರ್ರು ಗೊತ್ತಿದ್ದದ್ದನ್ನ ಮಾತ್ರ ಬರ್ಕೊಳ್ತಿದ್ರು. ಬರ್ಕೊಂಡ್ರು ಅಂದ್ರೆ ಆ ಕೆಲಸ ಆಗ್ಲೇಬೇಕು. ಮರ ಹತ್ತೋ ಕೆಲಸದ ಸುಬ್ಬಣ್ಣ ಸಿಗ್ಲಿಲ್ಲ, ಮೂರು ತಿಂಗಳು ತಡ ಆಯ್ತು. ಅದಕ್ಕೇ ಬೈಯೋಕೆ ಬಂದ್ರೇನೋ ಅಂದ್ಕೊಂಡೆ.

ಶಶಿಕಿರಣ್ ಗಡಿಯಾರ ನೋಡಿದ. ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿಯಿತ್ತು.

ಶಶಿಕಿರಣ್: ಹನ್ನೊಂದಕ್ಕೆ ಜಿಲ್ಲಾ ಕಚೇರಿಯಿಂದ ಮೇಡಂ ಬರ್ತಾರೆ. ಪಾರ್ಕನ್ನ ಜನ ಬಳಸ್ತಿದಾರಾ ಅಂತ ನೋಡೋಕೆ. ಇಲ್ಲಿ ನೋಡಿದ್ರೆ ಸರ್ಕಾರಿ ಮರ ಬೋಳು. ನನ್ನ ಪ್ರೊಬೇಷನ್ನೂ ಮುಗಿದಿಲ್ಲ.

ತಿಮ್ಮಪ್ಪ: ಜನ ಬಳಸ್ತಿದ್ರಾ?

ಶಶಿಕಿರಣ್: ನೀವು ದಿನಾ ಬರ್ತಿದ್ರಿ.

ತಿಮ್ಮಪ್ಪ: ನಾನು ಕೂರೋಕೆ ಬರ್ತಿರ್ಲಿಲ್ಲ. ಮರ ನೋಡೋಕೆ ಬರ್ತಿದ್ದೆ.

ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿತ್ತು. ಎದುರಿನ ಬಟ್ಟೆ ಅಂಗಡಿಯ ಶಿವಗಂಗಮ್ಮ, ಗಿರಾಕಿಯನ್ನೂ ಬಿಟ್ಟು ರಸ್ತೆ ದಾಟಿ ಬಂದರು. ಸೆರಗಿನಿಂದ ಬೆಂಚು ಒರೆಸಿ, ಮಂಡಿ ಚಾಚಿ ಕೂತರು. ಹಿಂದೆಯೇ ಗಿರಾಕಿಯೂ ಬಂದಳು. ಆಮೇಲೆ ಆಟೊದವರು, ಆಸ್ಪತ್ರೆಗೆ ಬಂದವರು, ಕಾಲೇಜು ಹುಡುಗಿಯರು.

ಶಶಿಕಿರಣ್: ಅಮ್ಮಾ, ಒಂದು ನಿಮಿಷ ಏಳ್ತೀರಾ? ಬಿದ್ದ ಕೊಂಬೆ ಫೋಟೊ ಬೇಕು, ವರದಿಗೆ.

ಶಿವಗಂಗಮ್ಮ: ಹದಿನೈದು ದಿನ ಆದ್ಮೇಲೆ ಸೂರ್ಯ ಬಂದಿದಾನೆ. ಅವನು ಹೋಗೋ ತನಕ ಏಳಲ್ಲಪ್ಪ. ನನ್ನನ್ನೂ ಸೇರಿಸಿ ತೆಗಿ.

ಶಶಿಕಿರಣ್ ಸುತ್ತ ನೋಡಿದ. ಮರಗಸಿಯಾದ ಐದು ಮರಗಳ ಕೆಳಗೆ ಕೂರಲು ಜಾಗವಿರಲಿಲ್ಲ. ಭಾನುವಾರ ಮಳೆ ಬಂದು ಕೆಲಸ ನಿಂತಿದ್ದರಿಂದ ಹಾಗೇ ಉಳಿದ ಮೂರು ಮರಗಳ ಕೆಳಗೆ ಒಂದು ನಾಯಿಯೂ ಇರಲಿಲ್ಲ. ಮೂರು ಬೆಂಚಿನ ಮೇಲೂ ಹನಿ ತಟತಟ ಬೀಳುತ್ತಿತ್ತು.

ಜೀಪು ಬಂತು. ಯೋಜನಾಧಿಕಾರಿ ಧನ್ಯಶ್ರೀ ಇಳಿದರು. ಜನರನ್ನು ನೋಡಿದರು, ಮರಗಳನ್ನು ನೋಡಿದರು, ನೆಲದ ಮೇಲಿನ ಕೊಂಬೆಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು.

ಧನ್ಯಶ್ರೀ: ಇದನ್ನ ಮಾಡ್ಸಿದ್ದು ಯಾರು?

ಶಶಿಕಿರಣ್: ಇವರು, ಮೇಡಂ.

ತಿಮ್ಮಪ್ಪ: ಇವರ ಆರ್ಡರು, ಮೇಡಮ್ಮೋರೆ. ಪುಸ್ತಕದಲ್ಲಿದೆ.

ಧನ್ಯಶ್ರೀ: ಹೆದರ್ಬೇಡಿ. ಕಳಸದ ಪಾರ್ಕಲ್ಲೂ ಯಾರೂ ಕೂರಲ್ಲ. ಅಲ್ಲೂ ಇದೇ ಮಾಡ್ಸೋಣ ಅಂತ ಕೇಳ್ದೆ.

ಶಶಿಕಿರಣ್ ಜೇಬಿನಿಂದ ಪುಸ್ತಕ ತೆಗೆದ.

ಶಶಿಕಿರಣ್: ಪುಸ್ತಕದಲ್ಲಿರೋದು ನಿಜ, ಮೇಡಂ. ಮಾರ್ಚ್ ಹನ್ನೆರಡಕ್ಕೇ ಬರೆದಿದೀನಿ.

ತಿಮ್ಮಪ್ಪ: ಬರೆದ್ರೇನಾಯ್ತು? ಹಂಗಂದ್ರೇನು ಅಂತ್ಲೇ ಇವರಿಗೆ ಗೊತ್ತಿರ್ಲಿಲ್ಲ. ಎಲ್ಲಾ ನಂದೇ ಯೋಚನೆ.

ಶಶಿಕಿರಣ್: ಈಗ ತಾನೇ ನನ್ನ ಆರ್ಡರು ಅಂದ್ರಿ.

ತಿಮ್ಮಪ್ಪ: ಈಗ ತಾನೇ ‘ನಾನು ಯಾವಾಗ ಹೇಳ್ದೆ’ ಅಂತ ನೀವೇ ಕೇಳಿದ್ರಿ.

ಶಿವಗಂಗಮ್ಮ (ಮಂಡಿ ನೀವುತ್ತ): ಸದ್ಯ, ಬಿಸಿಲೂ ನಂದೇ ಅಂತ ಇಬ್ರೂ ಹೇಳ್ಲಿಲ್ಲ.

ತಿಮ್ಮಪ್ಪನವರು ಈಗ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮೂಡಿಗೆರೆ ಮತ್ತು ಕಳಸದ ಪಾರ್ಕುಗಳಲ್ಲಿ ಮರಗಸಿ ಮಾಡಿಸುತ್ತಾರೆ.