ಹೊರಪೇಟೆಯ ಅರವತ್ತೈದನೇ ಸೌಲಭ್ಯ

ಬಹಳ ಹಿಂದೆ, ಅಂದರೆ ನಲ್ಲಿಯನ್ನು ಕಂಡುಹಿಡಿದ ಮೇಲೆ ಮತ್ತು ಅದರಲ್ಲಿ ನೀರು ಬರುವುದಕ್ಕೆ ಮುಂಚೆ, ಒಂದು ರಾಜ್ಯವಿತ್ತು. ಅದನ್ನು ಘೋಷಣಸೇನ ಮಹಾರಾಜರು ಆಳುತ್ತಿದ್ದರು. ಶತ್ರುಗಳು ಯಾರೂ ಉಳಿದಿರಲಿಲ್ಲವಾದ್ದರಿಂದ ಮಹಾರಾಜರು ದಂಡಯಾತ್ರೆಗೆ ಬದಲು ಉದ್ಘಾಟನೆಗೆ ಹೊರಡುತ್ತಿದ್ದರು. ಏಳು ತಲೆಮಾರಿನಿಂದ ಬಂದ ಅವರ ಖಡ್ಗ ಟೇಪು ಕತ್ತರಿಸಿ ಕತ್ತರಿಸಿ ಮೊಂಡಾಗಿತ್ತು.

ಆ ರಾಜ್ಯದ ರಾಜಧಾನಿಯ ಅಂಚಿಗೆ ಹೊರಪೇಟೆ ಎಂಬ ಉಪನಗರ. ರಾಜಧಾನಿಯಲ್ಲಿ ಜಾಗ ಸಿಗದ ಜನ, ರಾಜಧಾನಿಯಲ್ಲಿ ಜಾಗ ಸಿಗದ ಕಸ, ಎರಡೂ ಬಂದು ನೆಲೆಸಿದ್ದು ಅಲ್ಲೇ. ಹಕ್ಕುಪತ್ರ ಮೊದಲು ಸಿಕ್ಕಿದ್ದು ಕಸಕ್ಕೆ.

ಒಂದು ದಿನ ಮಹಾರಾಜರಿಗೆ ಪ್ರಜೆಗಳನ್ನು ನೋಡುವ ಮನಸ್ಸಾಯಿತು. ಏಸಿ ಹಾಕಿಸಿದ ಪಲ್ಲಕ್ಕಿಯಲ್ಲಿ ಹೊರಪೇಟೆಗೆ ಬಿಜಯಂಗೈದು, ಗಾಜು ನಾಲ್ಕು ಬೆರಳಿನಷ್ಟು ಇಳಿಸಿದರು. ಎದುರಿಗೆ ಬೀದಿ ನಲ್ಲಿಯ ಮುಂದೆ ಐದು ಕೊಡ ಸಾಲಾಗಿಟ್ಟುಕೊಂಡು ದೊಡ್ಡತಾಯಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಮನೆಯಲ್ಲಿ ಮಗಳು ಜಯಶೀಲ ಹೆರಿಗೆಗೆ ಬಂದು ದಿನ ತುಂಬಿಕೊಂಡಿದ್ದಳು. ಹಂಡೆ ತುಂಬಿಡಬೇಕಿತ್ತು.

"ತಾಯೇ, ನಿನ್ನ ನಗರದ ಆಡಳಿತ ನಡೆಸುವವರು ಯಾರೆಂದು ಬಲ್ಲೆಯಾ?" ಎಂದು ಮಹಾರಾಜರು ಕೇಳಿದರು. ಇಂಥ ಪ್ರಶ್ನೆ ಕೇಳುವಾಗ ಗಲ್ಲದ ಯಾವ ಪಕ್ಕ ಚಿತ್ರಕಾರರ ಕಡೆಗಿರಬೇಕೆಂದು ಅವರಿಗೆ ಅಭ್ಯಾಸವಾಗಿತ್ತು.

"ಗೊತ್ತು ಬುದ್ಧಿ. ಮುದ್ದಯ್ಯ."

ಗಲ್ಲ ನೆಟ್ಟಗಾಯಿತು. "ಯಾರವನು? ಯಾವ ವಂಶ? ಸೇನೆ ಎಷ್ಟಿದೆ?"

"ಸೇನೆಗೀನೆ ಇಲ್ಲ ಬುದ್ಧಿ. ಒಂದು ಕೀಲಿ ಐತೆ."

ಇದು ನಿಜವಾಗಿತ್ತು. ಮುದ್ದಯ್ಯ ಹೊರಪೇಟೆಯ ನೀರುಗಂಟಿ. ನಾಲ್ಕು ಬೀದಿ ಕೂಡುವಲ್ಲಿ ನೆಲದೊಳಗೊಂದು ಗುಂಡಿ, ಗುಂಡಿಯೊಳಗೊಂದು ವಾಲ್ವು. ದಿನ ಬಿಟ್ಟು ದಿನ ಬೆಳಗ್ಗೆ ಐದಕ್ಕೆ ಮುದ್ದಯ್ಯ ಆಳುದ್ದದ ಕಬ್ಬಿಣದ ಕೀಲಿ ಇಳಿಸಿ ಅದನ್ನು ತಿರುಗಿಸುತ್ತಿದ್ದ. ಆಮೇಲೆ ಅದೇ ಕೀಲಿಯಿಂದ ದೀಪದ ಕಂಬಕ್ಕೆ ಮೂರು ಸಲ ಬಡಿಯುತ್ತಿದ್ದ. ಆ ಠಣ್ ಠಣ್ ಠಣ್‌ಗೆ ಹೊರಪೇಟೆ ಏಳುತ್ತಿತ್ತು. ಮದುವೆಗೆ ದಿನ ಕೇಳಲು ಹೋದರೆ ಪುರೋಹಿತರು "ಮೊದಲು ಮುದ್ದಯ್ಯನ ಹತ್ತಿರ ಕೇಳಿಕೊಂಡು ಬನ್ನಿ, ಆಮೇಲೆ ಪಂಚಾಂಗ ತೆಗೀತೀನಿ" ಅನ್ನುತ್ತಿದ್ದರು. ಗ್ರಹಗಳು ಸ್ವಲ್ಪ ಹೊಂದಿಕೊಳ್ಳುತ್ತವೆ, ವಾಲ್ವು ಹೊಂದಿಕೊಳ್ಳುವುದಿಲ್ಲ.

ಅಂದು ಮಧ್ಯಾಹ್ನ ಮಹಾರಾಜರಿಗೆ ಊಟ ಸೇರಲಿಲ್ಲ. ಆರು ಹೋಳಿಗೆಗೇ ಕೈ ತೊಳೆದುಬಿಟ್ಟರು. ಮಹಾಮಂತ್ರಿ ಅನುಮೋದಶೇಖರರು ಗಾಬರಿಯಿಂದ ಓಡಿಬಂದರು.

"ಪ್ರಭೂ, ದುಃಖಿಸಬಾರದು. ನಗರದಲ್ಲಿ ಸೌಲಭ್ಯಗಳಿಗೆ ಕೊರತೆಯಿಲ್ಲ. ಜನರಿಗೆ ಅವುಗಳ ಪರಿಚಯವಿಲ್ಲ, ಅಷ್ಟೇ."

"ನಾವೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು."

"ತಾವು ಅಂದುಕೊಂಡದ್ದನ್ನೇ ನಾನು ಅಂದದ್ದು ಪ್ರಭೂ. ಸ್ವಂತದ್ದು ಹೇಳುವ ದುರಭ್ಯಾಸ ನನಗಿಲ್ಲ."

ಸಂಜೆಯೊಳಗೆ ರಾಜಾಜ್ಞೆ ಹೊರಟಿತು. ಹೊರಪೇಟೆಯ ಪ್ರತಿಯೊಬ್ಬ ಪ್ರಜೆಯೂ ತನ್ನ ನಗರದ ಆಡಳಿತ, ಸೇವೆ ಮತ್ತು ಸೌಲಭ್ಯಗಳನ್ನು ಅರಿಯತಕ್ಕದ್ದು. ಅರಿಯದವರಿಗೆ ಯಾವ ಸೇವೆಯೂ ಇಲ್ಲ. ಇದಕ್ಕೆ 'ನಗರ ಪರಿಚಯ ಮಹಾಯಜ್ಞ'ವೆಂದು ಹೆಸರು. ಯಜ್ಞದ ಮೊದಲ ಹಂತವಾಗಿ ಅರವತ್ತನಾಲ್ಕು ಸೌಲಭ್ಯಗಳನ್ನು ಕೆತ್ತಿದ ಕಲ್ಲಿನ ಮಹಾಫಲಕವೊಂದನ್ನು ನಡುಬೀದಿಯಲ್ಲಿ ಸ್ಥಾಪಿಸತಕ್ಕದ್ದು. ಫಲಕದ ಮುಕ್ಕಾಲು ಪಾಲು ಮಹಾರಾಜರ ಮುಖ, ಉಳಿದದ್ದರಲ್ಲಿ ಸೌಲಭ್ಯ.

ಜವಾಬ್ದಾರಿ ಹೊರಪೇಟೆಯ ನಗರಾಧ್ಯಕ್ಷ ಕಡತರಾಯರ ಹೆಗಲಿಗೆ ಬಿತ್ತು. ಕಡತರಾಯರು ಎಂದೂ ಬೀದಿಗೆ ಇಳಿದವರಲ್ಲ. ಬೀದಿಗಳನ್ನೇ ಕಚೇರಿಗೆ ತರಿಸಿಕೊಂಡು ನೋಡುವವರು, ಅಂದರೆ ನಕ್ಷೆಯಲ್ಲಿ. ನಕ್ಷೆ ಬಿಚ್ಚಿ ಖಾಲಿ ಜಾಗ ಹುಡುಕಿದರು. ಬೀದಿಯ ಎಡಬಲ ಎಲ್ಲಾ ಅಂಗಡಿ, ಅಂಗಡಿಗಳೆಲ್ಲಾ ಅವರ ಭಾವಮೈದುನರವು. ನಾಲ್ಕು ಬೀದಿ ಕೂಡುವಲ್ಲಿ ಮಾತ್ರ ಒಂದು ಮಂಚದಷ್ಟು ಜಾಗ ಯಾರ ಹೆಸರಿನಲ್ಲೂ ಇರಲಿಲ್ಲ. ಅಗೆಯುವ ಕೆಲಸವೂ ಅರ್ಧ ಮುಗಿದಿತ್ತು, ಯಾಕೆಂದರೆ ಅಲ್ಲಿ ಆಗಲೇ ಒಂದು ಗುಂಡಿಯಿತ್ತು.

ಕಾಂಕ್ರೀಟು ಕಲೆಸುವ ಸದ್ದು ಕೇಳಿ ಮುದ್ದಯ್ಯ ಕೀಲಿ ಹೊತ್ತು ಓಡಿಬಂದ. ಕೆಲಸಗಾರರು ಕಚೇರಿಗೆ ಹೋಗೆಂದರು, ಕಚೇರಿಗೆ ಓಡಿದ.

"ಸ್ವಾಮೀ, ಅದರಡಿ ವಾಲ್ವ್ ಐತೆ!"

ಕಡತರಾಯರು ನಕ್ಷೆಯ ಮೇಲೆ ಕನ್ನಡಕ ಬಗ್ಗಿಸಿದರು. "ಎಲ್ಲಿದೆ? ಇಲ್ಲಿ ಉದ್ಯಾನವನ ಅಂತಿದೆ."

"ಉದ್ಯಾನ್ವನ ನಾನು ನೋಡಿಲ್ಲ ಸ್ವಾಮಿ. ವಾಲ್ವ್ ನೋಡಿವ್ನಿ. ಇಪ್ಪತ್ತೆರಡು ವರ್ಸದಿಂದ ತಿರುಗಿಸ್ತಾ ಇವ್ನಿ."

"ಇಪ್ಪತ್ತೆರಡು ವರ್ಷದಿಂದ ಉದ್ಯಾನವನದಲ್ಲಿ ಅನುಮತಿಯಿಲ್ಲದೆ ಏನನ್ನೋ ತಿರುಗಿಸುತ್ತಿದ್ದೀಯಾ?"

"ಅಯ್ಯೋ, ಬಂದು ಒಂದ್ಸಲ ನೋಡಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತು ವಾಲ್ವ್ ಮುಚ್ಚೈತೆ. ಹಂಗೇ ಹೂತು ಹೋದ್ರೆ ಹನಿ ನೀರು ಬರಾಕಿಲ್ಲ."

"ನೋಡಪ್ಪಾ," ಎಂದರು ಕಡತರಾಯರು ದಯೆಯಿಂದ, "ನಾನು ಬಂದು ನೋಡಿದರೆ ನಕ್ಷೆ ತಪ್ಪಾಗುತ್ತೆ. ನಕ್ಷೆಗೆ ಮಹಾರಾಜರ ಮುದ್ರೆ ಇದೆ. ಮಹಾರಾಜರು ತಪ್ಪು ಅಂತೀಯೇನು?"

ಹಾಗೆ ಅನ್ನುವ ಧೈರ್ಯ ಮುದ್ದಯ್ಯನಿಗೆ ಇರಲಿಲ್ಲ. ಅವನು ವಾಪಸು ಬರುವಷ್ಟರಲ್ಲಿ ಮೂರಾಳು ಎತ್ತರದ ಫಲಕ ನಿಂತಾಗಿತ್ತು, ಅದರ ಬುಡಕ್ಕೆ ಸೊಂಟದೆತ್ತರದ ಕಟ್ಟೆ ಬಿದ್ದಾಗಿತ್ತು. ಫಲಕದ ಅರವತ್ತನಾಲ್ಕು ಸೌಲಭ್ಯಗಳಲ್ಲಿ ನೀರುಗಂಟಿ ಎಂಬುದು ಇರಲಿಲ್ಲವಾದ್ದರಿಂದ ಅವನ ಹುದ್ದೆಯೂ ಅಂದೇ ರದ್ದಾಯಿತು. ಹಾರೆ ತಂದು ಕಟ್ಟೆಗೆ ಎರಡೇಟು ಹಾಕಿದ. ಮೂರನೆಯದಕ್ಕೆ ಭಟರು ಹಿಡಿದರು. ಮಹಾರಾಜರ ಮುಖದ ಬುಡಕ್ಕೆ ಹಾರೆ ಎತ್ತಿದವನೆಂದು ಒಂದು ವಾರ ಒಳಗಿಟ್ಟು ಬಿಟ್ಟರು.

ಹೊಸ ಕಾಂಕ್ರೀಟನ್ನು ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ. ದಿನಾ ನೀರುಣಿಸಬೇಕು, ಅದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ಆದ್ದರಿಂದ ಕಟ್ಟೆಗೆ ಗೋಣಿತಟ್ಟು ಹೊದಿಸಿ, ಇಪ್ಪತ್ತೊಂದು ದಿನ, ಬೆಳಗ್ಗೆ ಒಂದು ಸಂಜೆ ಒಂದು ಟ್ಯಾಂಕರ್ ನೀರು ರಾಜಧಾನಿಯಿಂದ ಬಂತು. ಜನ ಕೊಡ ಹಿಡಿದು ಸುತ್ತ ನಿಂತು ನೋಡಿದರು. ಕಲ್ಲು ಗಟಗಟ ಕುಡಿಯಿತು. ಗೋಣಿತಟ್ಟಿನಿಂದ ತೊಟ್ಟಿಕ್ಕುವ ಕಡೆ ದೊಡ್ಡತಾಯಮ್ಮ ಒಂದು ಚೊಂಬು ಇಟ್ಟಳು. ಕಾವಲು ಭಟ ಅದನ್ನು ಬೂಟಿನಿಂದ ಒದ್ದ.

"ಏಯ್ ಮುದುಕೀ, ಅದು ಸರ್ಕಾರಿ ನೀರು."

"ಹಂಗಾದ್ರೆ ನಾವ್ಯಾರಪ್ಪಾ? ಖಾಸಗಿಯವರಾ?"

ಅಷ್ಟರಲ್ಲಿ ಜಯಶೀಲಳಿಗೆ ಗಂಡುಮಗು ಹುಟ್ಟಿ ಒಂಬತ್ತು ದಿನ ಕಳೆದಿತ್ತು. ತುಂಬಿಟ್ಟ ಹಂಡೆ ತಳ ಕಂಡಿತ್ತು. ಹನ್ನೊಂದನೇ ದಿನ ಬಾಣಂತಿಗೆ ಹಂಡೆ ತುಂಬ ಬಿಸಿನೀರು ಕಾಯಿಸಿ, ಎಣ್ಣೆ ಅರಿಸಿನ ಹಚ್ಚಿ, ತಲೆಗೆ ನೀರು ಹಾಕಬೇಕು. ಆಮೇಲೇ ಸೂತಕ ಕಳೆದು ಮಗು ತೊಟ್ಟಿಲಿಗೆ ಬರುವುದು. ಅಲ್ಲಿಯವರೆಗೆ ತಾಯಿ ಮಗು ಮೂಲೆಯ ಕೋಣೆಯಲ್ಲೇ. ಕೆರೆ ಇದ್ದದ್ದು ಮೂರು ಹರದಾರಿ ಆಚೆ, ಅಲ್ಲಿಂದ ಹೊತ್ತು ತಂದದ್ದು ಕುಡಿಯುವುದಕ್ಕೇ ಸಾಲದು.

"ಅವ್ವಾ, ನನ್ನ ಮೈ ನನಗೇ ವಾಸನೆ ಹೊಡೀತದೆ," ಎಂದು ಜಯಶೀಲ ಅತ್ತಳು.

"ತಡ್ಕೊಳ್ಳವ್ವಾ. ಆ ಕಲ್ಲಿಗೇ ಎರಡು ಹೊತ್ತು ಸ್ನಾನ ಮಾಡಿಸೋರು ನಿನಗೆ ಒಂದು ಹೊತ್ತು ಇಲ್ಲ ಅಂದಾರಾ," ಎಂದು ದೊಡ್ಡತಾಯಮ್ಮ ಸೆರಗು ಸಿಕ್ಕಿಸಿಕೊಂಡು ನಗರಾಧ್ಯಕ್ಷರ ಕಚೇರಿಗೆ ನಡೆದಳು.

ಕಡತರಾಯರು ಅವಳನ್ನು ಬಹಳ ಮರ್ಯಾದೆಯಿಂದ ನಿಲ್ಲಿಸಿಕೊಂಡರು.

"ನೀರಿಲ್ಲ ಅಂತ ದೂರೇನಮ್ಮಾ? ಕೊಡಬಹುದು. ನಿಮ್ಮ ಹಕ್ಕದು. ಆದರೆ ನಗರ ಅರಿತವರಿಂದ ಮಾತ್ರ ದೂರು ತಗೋಬೇಕು ಅಂತ ಆಜ್ಞೆ ಇದೆ. ಪರಿಚಯ ಪತ್ರ ಎಲ್ಲಿ?"

"ಅದೆಲ್ಲಿ ಸಿಗ್ತದೆ ಬುದ್ಧಿ?"

"ಇಲ್ಲೇ. ಮೂರು ಪ್ರಶ್ನೆ ಕೇಳ್ತೀನಿ. ನಿಮ್ಮ ನಗರದಲ್ಲಿ ಉದ್ಯಾನವನಗಳು ಎಷ್ಟು?"

"ಒಂದೂ ಇಲ್ಲ."

"ತಪ್ಪು. ಹನ್ನೊಂದು. ಬೀದಿ ದೀಪ?"

"ಕಂಬ ಅವೆ."

"ಅರ್ಧ ಸರಿ. ನೀರು ಎಷ್ಟು ಹೊತ್ತು ಬರುತ್ತದೆ?"

"ಬರಾಕಿಲ್ಲ ಅಂತಾನೇ ಅಲ್ವಾ ನಾನು ಬಂದಿರೋದು!"

"ಛೆ ಛೆ. ಫಲಕ ಓದಿಲ್ಲ ನೀವು. ಫೇಲು. ನಾಳೆ ಬನ್ನಿ."

ಮಾರನೇ ದಿನ ಮತ್ತೆ ಹೋದಳು. ಅಂದು ಹತ್ತನೇ ದಿನ. ರಾತ್ರಿ ಪಕ್ಕದ ಮನೆಯವರಿಂದ ಫಲಕ ಓದಿಸಿಕೊಂಡು ಬಾಯಿಪಾಠ ಮಾಡಿದ್ದಳು. ಉದ್ಯಾನ ಹನ್ನೊಂದು ಅಂದಳು. ದೀಪ ನಾಲ್ಕು ಸಾವಿರ ಅಂದಳು. ಈಜುಕೊಳ ಎರಡು ಎಂದು ಕೇಳದೇನೆ ಸೇರಿಸಿದಳು. ಕಡತರಾಯರ ಕಣ್ಣು ತುಂಬಿ ಬಂತು.

"ನೀರು ಎಷ್ಟು ಹೊತ್ತು ಬರುತ್ತೆ ತಾಯೀ?"

ದೊಡ್ಡತಾಯಮ್ಮನಿಗೆ ಮೂಲೆಯ ಕೋಣೆ ನೆನಪಾಯಿತು. "ಇಪ್ಪತ್ನಾಲ್ಕು ಗಂಟೆ," ಅಂದಳು.

"ಶಭಾಷ್!" ಕಡತರಾಯರು ಅವಳ ಉತ್ತರವನ್ನು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಪರಿಚಯ ಪತ್ರಕ್ಕೆ ಮುದ್ರೆ ಹಾಕಿದರು. "ಈಗ ನಿಮ್ಮ ದೂರು ಹೇಳಿ."

"ನೀರು ಬರ್ತಿಲ್ಲ ಬುದ್ಧಿ."

ಕಡತರಾಯರು ದೂರನ್ನೂ ಬರೆದುಕೊಂಡು, ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬಹಳ ನೊಂದುಕೊಂಡರು.

"ಏನಮ್ಮಾ ಇದು? ಇಪ್ಪತ್ತನಾಲ್ಕು ಗಂಟೆ ಬರುತ್ತೆ ಅಂತ ಈಗ ತಾನೇ ಹೆಬ್ಬೆಟ್ಟು ಒತ್ತಿದ್ದೀರಿ. ನಿಮ್ಮ ಮಾತನ್ನ ನೀವೇ ನಂಬದಿದ್ದರೆ ಸರ್ಕಾರ ಹೇಗಮ್ಮಾ ನಂಬುತ್ತೆ?"

ಪತ್ರ ಇದ್ದರೆ ದೂರು ಸುಳ್ಳು, ಪತ್ರ ಇಲ್ಲದಿದ್ದರೆ ದೂರೇ ಇಲ್ಲ. ತಿಂಗಳು ತುಂಬುವುದರೊಳಗೆ ಹೊರಪೇಟೆಯ ಮುಕ್ಕಾಲು ಜನ ಹೀಗೆ ಪಾಸಾದರು. ನೀರಿನ ಬಗ್ಗೆ ಒಂದು ದೂರೂ ಉಳಿಯಲಿಲ್ಲ. ಇಡೀ ರಾಜ್ಯದಲ್ಲಿ ದೂರಿಲ್ಲದ ಏಕೈಕ ನಗರವೆಂದು ಹೊರಪೇಟೆಗೆ ಪ್ರಶಸ್ತಿ ಘೋಷಣೆಯಾಯಿತು.

ಕ್ಯೂರಿಂಗ್ ಮುಗಿದ ದಿನ ಮಹಾರಾಜರು ಪ್ರಶಸ್ತಿ ಹೊತ್ತು ಬಂದರು. ಪಲ್ಲಕ್ಕಿಯ ಗಾಜು ಈ ಸಲ ಪೂರಾ ಇಳಿಯಿತು. ಜನರ ನಡುವೆ ನಿಂತಿದ್ದ ದೊಡ್ಡತಾಯಮ್ಮನ ಗುರುತು ಹಿಡಿದರು.

"ಈಗ ಹೇಳು ತಾಯೇ. ನಿನ್ನ ನಗರವನ್ನು ಆಳುವವರು ಯಾರು?"

ದೊಡ್ಡತಾಯಮ್ಮ ಮೇಲೆ ಮುಖ ನೋಡಿದಳು, ಕೆಳಗೆ ಕಟ್ಟೆ ನೋಡಿದಳು. ಬೆರಳು ಕಟ್ಟೆಯ ಕಡೆ ಹೋಯಿತು.

"ಇದೇ ಬುದ್ಧಿ. ನಮ್ಮೂರಲ್ಲಿ ಹೊಟ್ಟೆ ತುಂಬ ನೀರು ಕುಡಿಯೋದು ಇದೊಂದೇ."

ಕಡತರಾಯರ ಬೆವರು ಮೂಗಿನ ತುದಿಗೆ ಬಂತು. ಮಹಾರಾಜರು ಮಹಾಮಂತ್ರಿಯ ಕಡೆ ತಿರುಗಿದರು.

"ಪ್ರಭೂ, ಎಂಥ ಭಕ್ತಿ!" ಎಂದರು ಅನುಮೋದಶೇಖರರು. "ತಮ್ಮ ಪಾದದಡಿಯ ಕಲ್ಲನ್ನೇ ದೊರೆ ಅನ್ನುತ್ತಿದ್ದಾಳೆ."

ಮಹಾರಾಜರು ಗದ್ಗದಿತರಾದರು. ಅಲ್ಲೇ ತಮ್ಮ ಸ್ಪೇರ್ ಕಿರೀಟವನ್ನು ತರಿಸಿ ಕಟ್ಟೆಯ ಮೇಲೆ ಸಿಮೆಂಟು ಹಾಕಿ ಕೂರಿಸಿದರು. ಕಟ್ಟೆಗೆ 'ಹೊರಪೇಟೆಯ ಅಧಿಪತಿ' ಎಂಬ ಪದವಿ ದಯಪಾಲಿಸಿದರು. ಅಧಿಪತಿಗೆ ಬಾಯಾರಿಕೆಯಾಗಬಾರದಲ್ಲ? ಇನ್ನು ಮುಂದೆ ಪ್ರತಿ ಮನೆಯವರೂ ದಿನಕ್ಕೊಂದು ಕೊಡ ನೀರು ತಂದು ಕಟ್ಟೆಗೆ ಸುರಿಯತಕ್ಕದ್ದೆಂದು ಆಜ್ಞೆಯಾಯಿತು. ರಾಜಧಾನಿಯ ಟ್ಯಾಂಕರು ನಿಂತಿತು. ಇಪ್ಪತ್ತನಾಲ್ಕು ಗಂಟೆ ನೀರು ಬರುವ ಊರಿಗೆ ಅದೇಕೆ? ಕೊಡಗಳು ತುಂಬಿವೆಯೇ ಎಂದು ನೋಡಲು ಒಬ್ಬ ಬೇಕಾಗಿತ್ತು. ನೀರಿನ ಅನುಭವ ಇದ್ದವನು ಊರಿಗೆಲ್ಲ ಒಬ್ಬನೇ ಆದ್ದರಿಂದ ಮುದ್ದಯ್ಯನಿಗೆ ಮತ್ತೆ ಕೆಲಸ ಸಿಕ್ಕಿತು.

ಜನ ಕೆರೆಗೆ ಮೂರು ಹರದಾರಿ ಹೋಗಿ ಎರಡು ಕೊಡ ತಂದು, ಒಂದು ಕಟ್ಟೆಗೆ ಒಂದು ಮನೆಗೆ ಹಾಕಿದರು. ಜಯಶೀಲಳಿಗೆ ಹನ್ನೊಂದನೇ ದಿನದ ನೀರು ಬಿದ್ದದ್ದು ಮೂವತ್ತೊಂದನೇ ದಿನ. ಬೀದಿಯ ಇಪ್ಪತ್ತು ಮನೆಯವರು ಮನೆಗೊಂದು ಚೊಂಬಿನಂತೆ ತಮ್ಮ ಕುಡಿಯುವ ನೀರು ತಂದು ಸುರಿದು ಅರ್ಧ ಹಂಡೆ ಮಾಡಿದರು. ಉಳಿದರ್ಧಕ್ಕೆ ಜಯಶೀಲ "ಸಾಕು ಬಿಡವ್ವಾ" ಅಂದಳು. ಮಗು ತೊಟ್ಟಿಲಿಗೆ ಬಂತು.

ಸುದ್ದಿ ಕಚೇರಿ ಮುಟ್ಟಿತು. ಮಾರನೇ ಬೆಳಗ್ಗೆ ಕಡತರಾಯರ ಆಳು ಏಣಿ ಹಾಕಿಕೊಂಡು ಫಲಕದ ಮೇಲೆ ಹೊಸ ಸಾಲು ಕೆತ್ತುತ್ತಿದ್ದ. ಅರವತ್ತೈದು: ಬಾಣಂತಿ ಸ್ನಾನ, ಮನೆ ಬಾಗಿಲಲ್ಲೇ ಲಭ್ಯ.

ಕೊಡ ಹೊತ್ತ ಹೆಂಗಸರ ಸಾಲು ಕಟ್ಟೆಯ ಮುಂದೆ ನಿಂತಿತ್ತು. ಬೆಳಗಿನ ಐದು ಗಂಟೆ. ಸಾಲಿನ ಮುಂದೆ ಮುದ್ದಯ್ಯ, ಹಳೆಯ ಕೀಲಿಯನ್ನು ಊರುಗೋಲಿನಂತೆ ಹಿಡಿದಿದ್ದವನು, ಇದ್ದಕ್ಕಿದ್ದಂತೆ ಮೊಣಕಾಲೂರಿ ಕಾಂಕ್ರೀಟಿಗೆ ಕಿವಿಯಿಟ್ಟ. ದೊಡ್ಡತಾಯಮ್ಮ ಕೊಡ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು.

"ಏನ್ಲಾ ಮುದ್ದಯ್ಯ?"

"ನೀರು ಬಂದೈತೆ ಕಣಕ್ಕಾ. ದಿನ ಬಿಟ್ಟು ದಿನ ಮೇಲಿನ ಟ್ಯಾಂಕಿಂದ ಬಿಡ್ತಾನೇ ಅವ್ರೆ. ಅಡಿಯಲ್ಲಿ ವಾಲ್ವಿಗೆ ಬಂದು ಬಡೀತಾ ಐತೆ. ಕೇಳು, ಕೇಳು."

ದೊಡ್ಡತಾಯಮ್ಮ ಏಣಿಯ ಮೇಲಿದ್ದವನ ಕಡೆ ಒಮ್ಮೆ ನೋಡಿ, ಕೊಡವನ್ನು ಕಿರೀಟದ ಮೇಲೆ ಪೂರಾ ಬಗ್ಗಿಸಿದಳು.

"ಮೆಲ್ಲಗೆ ಮಾತಾಡೋ," ಅಂದಳು. "ಆವಯ್ಯ ಕೇಳಿಸ್ಕೊಂಡ್ರೆ ಅದನ್ನೂ ಕೆತ್ತಿಬಿಡ್ತಾನೆ."