ಸರ್ವಾಧಿಕಾರಿಗೆ ತುಳು ಕಲಿಸಿದ ದೊಡ್ಡಮ್ಮ

ನನ್ನ ದೊಡ್ಡಮ್ಮನಿಗೆ ಹಿಂದಿಯ ಒಂದಕ್ಷರವೂ ಬಾರದು. ಆದರೂ ಹಿಂದಿ ಟಾಕಿಯನ್ನು ಅವರಷ್ಟು ತಿಳಿದವರು ಮಂಗಳೂರಿನಲ್ಲೇ ಇರಲಿಲ್ಲ ಎಂದರೆ ನಂಬುತ್ತೀರಾ? ಬೋಳಾರದ ಅರ್ಧ ಹೆಂಗಸರು ನಂಬಿದ್ದರು!

ಯುದ್ಧದ ಕಾಲ. ಟಾಕೀಸಿನಲ್ಲಿ ಹೆಂಗಸರ ಬೆಂಚಿಗೂ ಗಂಡಸರ ಬೆಂಚಿಗೂ ನಡುವೆ ಒಂದು ಬಟ್ಟೆಯ ಪರದೆ. ಈಚೆ ದೊಡ್ಡಮ್ಮ ಎಲೆಯಡಿಕೆ ಜಗಿಯುತ್ತಾ ಇಡೀ ಕಥೆಯನ್ನು ಗಟ್ಟಿಯಾಗಿ ತುಳುವಿನಲ್ಲಿ ಹೇಳುತ್ತಿದ್ದರು. ಅವರಿಗೆ ಮಾತು ಅರ್ಥವಾಗದ್ದು ಇನ್ನೂ ಅನುಕೂಲ, ಬೇಕಾದ್ದನ್ನು ಹೇಳಬಹುದಲ್ಲ!

ಆ ಸಲ ಬಂದದ್ದು ಐತಿಹಾಸಿಕ ಚಿತ್ರ. ಸೇನಾಪತಿಯೊಬ್ಬ ರಾಜನನ್ನು ಕೊಂದು ಸರ್ವಾಧಿಕಾರಿಯಾಗಿ, ಹೆಂಗಸರು ಬೀದಿಗೆ ಇಳಿಯಬಾರದೆಂದು ಡಂಗುರ ಹೊಡೆಸುತ್ತಾನೆ. "ಹಿಂದೆ ನೋಡು ಮಾರಾಯ್ತಿ, ಅವನ ಕೈಯಲ್ಲಿ ಕತ್ತಿ ಉಂಟು!" ಎಂದು ದೊಡ್ಡಮ್ಮ ಕೂಗಿದರು. ಚಿತ್ರದ ರಾಣಿ ತಿರುಗಿ ನೋಡಿಯೇ ಬಿಟ್ಟಳು! ಸೇನಾಪತಿ ಬಾಯಿ ತೆರೆದದ್ದೇ, "ನಿನ್ನನ್ನೂ ಬಿಡುವುದಿಲ್ಲ ಅಂತಾನೆ!" ಎಂದು ದೊಡ್ಡಮ್ಮ ಅರ್ಥ ಹೇಳಿದರು. ಹಿಂದಿ ಬಲ್ಲ ಟೀಚರೊಬ್ಬರು, "ಅವನು ಹೇಳಿದ್ದು ಹಾಗಲ್ಲ, ಕುದುರೆ ಎಲ್ಲಿ ಅಂತ ಕೇಳಿದ್ದು" ಎಂದದ್ದೇ ತಪ್ಪಾಯಿತು.

"ನೀವು ಸುಮ್ಮನೆ ಕೂತ್ಕೊಳ್ಳಿ ಟೀಚರೇ, ನಮಗೆ ಕಥೆ ಕೇಳ್ಬೇಕು!" ಎಂದು ಬೆಂಚಿನ ಹೆಂಗಸರೆಲ್ಲ ಹರಿಹಾಯ್ದರು.

ನಮ್ಮ ಮನೆಯಲ್ಲೂ ಒಬ್ಬ ಸರ್ವಾಧಿಕಾರಿ ಇದ್ದರಲ್ಲ! ಅಳಿಯಕಟ್ಟಿನ ಮನೆಯಲ್ಲಿ ಸೋದರಮಾವನೇ ಯಜಮಾನ. ನಾನು ದೊಡ್ಡವಳಾದ ವಾರವೇ ಮಾವ ಮೀಸೆ ತಿರುವುತ್ತಾ ತೀರ್ಪು ಕೊಟ್ಟರು: "ಓದಿದ್ದು ಸಾಕು. ಇನ್ನು ಸೌಟು ಹಿಡಿ." ನಾನು ಮೂಲೆಯಲ್ಲಿ ಕೂತು ಅತ್ತೆ, ಊಟ ಬಿಟ್ಟೆ. ಮಾವ ಜಗ್ಗಲಿಲ್ಲ. ದೊಡ್ಡಮ್ಮ ಮಾತ್ರ ತಮ್ಮನಿಗೆ, "ಒಳ್ಳೆ ಕತ್ತಿವರಸೆಯ ಚಿತ್ರ ಮಾರಾಯ, ನಾಳೆ ನೀನೂ ಬಾ" ಎಂದರು.

ಮಾವ ಬಂದು ಪರದೆಯ ಆಚೆ ಕೂತರು. ಚಿತ್ರದಲ್ಲಿ ಸರ್ವಾಧಿಕಾರಿ ಮೀಸೆ ತಿರುವಿ ಏನೋ ಗುಡುಗಿದ. ಈಚೆಯಿಂದ ದೊಡ್ಡಮ್ಮನ ತುಳು ಖಣಿಲ್ ಎಂದಿತು: "ಓದಿದ್ದು ಸಾಕು, ಇನ್ನು ಸೌಟು ಹಿಡಿ!"

ಈಚೆಯ ಹೆಂಗಸರು ಶಾಪ ಹಾಕಿದರು. ಆಚೆಯ ಗಂಡಸರು, ಮಾವನ ಮೀಸೆಯ ಪರಿಚಯವಿದ್ದವರು, ಬೆಂಚು ಬಡಿದು ನಕ್ಕರು. ಮಾವ ಮಧ್ಯದಲ್ಲೇ ಎದ್ದು ಹೋದರಂತೆ!

ಮರುದಿನ ಬೆಳಿಗ್ಗೆ ಅವರು ಯಾರ ಮುಖವನ್ನೂ ನೋಡದೆ, "ಇವಳು ಎಂತ ಇನ್ನೂ ಕೂತದ್ದು? ಶಾಲೆ ಇಲ್ವಾ?" ಎಂದರು.

ನಾನು ಕುಣಿಯುತ್ತಾ ದೊಡ್ಡಮ್ಮನ ಹತ್ತಿರ ಓಡಿದೆ. "ಮಾವನ ಮಾತನ್ನು ಅವರಿಗೇ ತಿರುಗಿಸಿ ಕೊಟ್ರಲ್ಲ ದೊಡ್ಡಮ್ಮ!"

ಅವರು ನಗಲಿಲ್ಲ. ನನ್ನ ಜಡೆ ಹೆಣೆಯುತ್ತಾ ಹೇಳಿದರು: "ಅವನ ಮಾತಲ್ಲ ಮಗಾ ಅದು. ನಿನ್ನಷ್ಟಿರುವಾಗ ನನ್ನ ಸೋದರಮಾವ ನನಗೆ ಹೇಳಿದ್ದು. ಆಗ ನನಗೋಸ್ಕರ ಬೊಬ್ಬೆ ಹಾಕುವವರು ಯಾರೂ ಇರ್ಲಿಲ್ಲ."

ಶಾಲೆ ಮುಟ್ಟುವವರೆಗೂ ನಾನು ಕಣ್ಣೊರೆಸಿಕೊಳ್ಳುತ್ತಲೇ ನಡೆದೆ.