ಅಮಾವಾಸ್ಯೆಯ ಖಟಖಟ

ತಿಂಗಳಿಗೊಮ್ಮೆ ಅಮಾವಾಸ್ಯೆ ಬರುವುದೇ ತನಗೆ ಮಧ್ಯಾಹ್ನದ ನಿದ್ದೆ ಕೊಡಿಸಲಿಕ್ಕೆ ಎಂದು ಬನಹಟ್ಟಿಯ ನೇಕಾರ ಸೋಮಲಿಂಗ ನಂಬಿದ್ದ. ಅವತ್ತು ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನವೆಲ್ಲ ಪಾವರ್‌ಲೂಮುಗಳ ಖಟಖಟದಲ್ಲಿ ಗಂಡಹೆಂಡತಿ ಜಗಳವನ್ನೂ ಕೈಸನ್ನೆಯಲ್ಲೇ ಆಡಬೇಕು.

ಈ ಅಮಾವಾಸ್ಯೆಗೆ ಮನೆಯಲ್ಲಿ ಬಾಡಿಗೆದಾರರಿದ್ದರು. ಹಳೆಯ ಮರಗಳು ಹೋದ ಮೇಲೆ ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಜಾಗವಿಲ್ಲ ಎಂದು ಮರುಗಿ, ಸೋಮಲಿಂಗ ಹಲಗೆಯ ಗೂಡುಪೆಟ್ಟಿಗೆಯೊಂದನ್ನು ಮಾಡಿ ಮಗ್ಗದ ಕೋಣೆಯ ಹೊರಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಎರಡು ವರ್ಷ ಅದು ಖಾಲಿ ಬಿದ್ದು ಓಣಿಯವರನ್ನು ನಗಿಸಿತು. ಈ ಬೇಸಿಗೆಯಲ್ಲಿ ಮಡಿವಾಳ ಹಕ್ಕಿಗಳ ಜೋಡಿ ಬಂದು ನಾಲ್ಕು ಮೊಟ್ಟೆ ಇಟ್ಟಿತು. ಮದುವೆಯಾಗಿ ಹದಿನಾರು ವರ್ಷವಾದರೂ ಆ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಸೋಮಲಿಂಗನಿಗೂ ಹೆಂಡತಿ ರಾಜಶ್ರೀಗೂ ಆ ಮೊಟ್ಟೆಗಳೆಂದರೆ ಜೀವ.

ಊಟ ಮುಗಿಸಿ ಚಾಪೆ ಹಾಸಿದ್ದನಷ್ಟೆ, ಪಕ್ಕದ ಮನೆಯ ಬಾಳಾಸಾಹೇಬ ಗೋಡೆಯ ಮೇಲಿಂದ ಕತ್ತು ಚಾಚಿದ.

"ಸೋಮ್ಯಾ, ನಿನ್ನ ಹಕ್ಕಿ ಮೊಟ್ಟಿ ಬಿಟ್ಟು ಹೊಂಟೈತಿ ನೋಡಲೇ."

ನೋಡಿದರೆ ಖರೆ. ದಿನವಿಡೀ ಕಾವಿಗೆ ಕೂರುತ್ತಿದ್ದ ಹೆಣ್ಣುಹಕ್ಕಿ ಹೊರಗೆ ಹಾರುತ್ತಿತ್ತು, ಬರುತ್ತಿತ್ತು, ಮತ್ತೆ ಹಾರುತ್ತಿತ್ತು.

"ಮಗ್ಗದ ಸಪ್ಪಳದಾಗ ಗೂಡು ಕಟ್ಟಿದ ಹಕ್ಕಿ ಇದು," ಎಂದ ಬಾಳಾಸಾಹೇಬ, ಹಕ್ಕಿಯೇ ಬಂದು ಹೇಳಿದ ಹಾಗೆ. "ಇವತ್ತ ಸಪ್ಪಳ ಇಲ್ಲ. ಮನಿ ತಪ್ಪಿ ಬಂದೇನಿ ಅಂತ ತಿಳಕೊಂಡೈತಿ."

"ಅಮಾಸಿ ದಿನ ಮಗ್ಗ ಹೆಂಗ ಸುರು ಮಾಡ್ಲಿ?"

"ಮಗ್ಗ ಬ್ಯಾಡ. ಸಪ್ಪಳ ಅಷ್ಟ ಮಾಡು."

ಸೋಮಲಿಂಗ ನೂಲು ಓಡಿಸುವ ಹಳೆಯ ಲಾಳಿಯೊಂದನ್ನು ತಂದು ಕೋಣೆಯ ಬಾಗಿಲ ಹಲಗೆಗೆ ಬಡಿದ. ಖಟ್, ಖಟ್. ಹಕ್ಕಿ ಒಳಗೆ ಹೋಯಿತು. ಕೈ ಸೋತು ನಿಲ್ಲಿಸಿದ. ಹಕ್ಕಿ ಹೊರಗೆ ಬಂತು. ಇನ್ನೇನು ಸಾಕ್ಷಿ ಬೇಕು?

ಅಮಾವಾಸ್ಯೆ ದಿನ ಮಗ್ಗ ಓಡಿಸಿದ ಪಾಪಿ ಯಾರೆಂದು ಕೇಳಲು ಓಣಿಯೇ ಓಡಿ ಬಂತು. ವಿಷಯ ತಿಳಿದ ಮೇಲೆ ಬೈಯಲು ಬಂದವರೆಲ್ಲ ಉಪದೇಶಕ್ಕೆ ನಿಂತರು.

"ನಿನ್ನ ಮಗ್ಗ ಇಷ್ಟ ಸಾವಕಾಶ ಓಡ್ತೈತೇನೋ? ಜೋರ್ ಬಡಿ," ಎಂದ ಎದುರು ಮನೆಯ ಗುರಪ್ಪ. "ನಿನ್ನವು ಎರಡು ಮಗ್ಗ ಅದಾವಲ್ಲ, ಎರಡೂ ಕೈಲೆ ಬಡಿ," ಎಂದ ಬಾಳಾಸಾಹೇಬ. ಯಾರೊಬ್ಬರೂ ಒಂದು ಲಾಳಿ ಹಿಡಿಯಲಿಲ್ಲ.

ಎರಡು ತಾಸು ಬಡಿದು ಸೋಮಲಿಂಗನ ತೋಳುಗಳು ಹೊಸ ರೊಟ್ಟಿಯ ಹಾಗೆ ಉಬ್ಬಿದವು. ನಿದ್ದೆ ಹಾಳಾದ ಸಿಟ್ಟಿನಲ್ಲಿ ಓಣಿಯ ಮುದುಕಿ ಲಕ್ಷ್ಮವ್ವ ಕೋಲೂರುತ್ತ ಬಂದಳು. ಅರ್ಧ ಓಣಿಯ ಹೆರಿಗೆ ಮಾಡಿಸಿದ ಕೈ ಅವಳದು. ಹಣೆಗೆ ಕೈಯಿಟ್ಟು ಪೆಟ್ಟಿಗೆಯನ್ನೇ ನೋಡಿದಳು.

"ನಿಲ್ಸೋ ನನ್ನಪ್ಪಾ. ಅದರ ಬಾಯಾಗ ಏನೈತಿ ನೋಡು."

ಹಕ್ಕಿಯ ಕೊಕ್ಕಿನಲ್ಲಿ ಹಸಿರು ಹುಳವಿತ್ತು.

"ಮೊಟ್ಟಿ ಹುಳ ತಿಂತಾವೇನು? ಮರಿ ಆಗ್ಯಾವ. ಉಣ್ಣಸಾಕ ಓಡ್ಯಾಡಾಕತ್ತೈತಿ. ನೀ ಬಡದರೂ ಬರ್ತೈತಿ, ಬಿಟ್ಟರೂ ಬರ್ತೈತಿ."

ಲಾಳಿ ಕೈಯಿಂದ ಜಾರಿತು. ಆ ಸದ್ದಡಗಿದ ಮೇಲೆ ಪೆಟ್ಟಿಗೆಯೊಳಗಿಂದ ಚಿಂವ್ ಚಿಂವ್ ಕೇಳಿಸಿತು. ರಾಜಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಮಲಿಂಗನಿಗೆ ತೋಳಿನ ನೋವೂ ಮರೆತುಹೋಯಿತು.

"ಇನ್ನ ಹನ್ನೆರಡು ದಿನ ಬಾಣಂತಿ ಮನಿ ಇದು," ಎಂದಳು ಲಕ್ಷ್ಮವ್ವ. "ಸಪ್ಪಳ ಮಾಡಬಾರದು." ಜೋರ್ ಬಡಿ ಎಂದವರೇ ಈಗ ತುಟಿಗೆ ಬೆರಳಿಟ್ಟು, ತುದಿಗಾಲಲ್ಲಿ ಚದುರಿದರು.

ಅಂತೂ ಓಣಿ ಶಾಂತವಾಯಿತು. ನಾಳೆ ಮಗ್ಗದ ಗತಿಯೇನು ಎಂಬ ಚಿಂತೆಯನ್ನು ನಾಳೆಗೇ ಬಿಟ್ಟು ಸೋಮಲಿಂಗ ಚಾಪೆಯ ಮೇಲೆ ಉರುಳಿದ. ಕಣ್ಣಿಗೆ ನಿದ್ದೆ ಹತ್ತಿತು, ಹಾಯಾಗಿ ಒಂದು ಗೊರಕೆಯೂ ಬಂತು. ಅಷ್ಟರಲ್ಲಿ ಯಾರೋ ಭುಜ ಹಿಡಿದು ಅಲುಗಾಡಿಸಿದರು.

"ಏಳ್ರಿ," ಎಂದು ರಾಜಶ್ರೀ ಪಿಸುಗುಟ್ಟಿದಳು. "ಮನ್ಯಾಗ ಬಾಣಂತಿ ಐತಿ, ಗೊರಕಿ ಹೊಡೀಬ್ಯಾಡ್ರಿ."